37 ಅಡಿಯ ತೃಷ್ಣಾ, 56 ಅಡಿಯ ಮಾದೇಯಿ

ಬೆಂಗಳೂರಿನ ಬಾಣಸವಾಡಿಯಿಂದ ಹಲಸೂರು ಕೆರೆ ಕಡೆ ಹೋಗುವವರಿಗೆ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರ ಹೊಸದಲ್ಲ. ಅದು ಸೇರಿರುವ ಭೂಸೇನೆಯ ಎಂಜಿನಿಯರ್ಸ್ ದಳವೇ 1985ರಲ್ಲಿ ‘ತೃಷ್ಣಾ’ ಹಾಯಿದೋಣಿಯನ್ನು ಮುಂಬೈಯಿಂದ ಹೊರಡಿಸಿ, 1987ರಲ್ಲಿ ಭೂಮಿ ಸುತ್ತಿಸಿ ತಂದಿತು. ಭಾರತೀಯರು ಹಾಯಿಯಲ್ಲಿ ಮಾಡಿದ ಮೊದಲ ಭೂಪ್ರದಕ್ಷಿಣೆ ಅದು.

ತೃಷ್ಣಾ 37 ಅಡಿಯ, ಸ್ವಾನ್ ಮಾದರಿಯ ದೋಣಿ. ಊಟ, ನಿದ್ದೆ, ನಕ್ಷೆ ನೋಡುವುದು ಎಲ್ಲವೂ ಅಷ್ಟರೊಳಗೇ. ಇಕ್ಕಟ್ಟು ನಿಜ. ಆದರೆ ಬಂದರಿನಿಂದ ಬಂದರಿಗೆ, ನೀರು ದಿನಸಿ ತುಂಬಿಕೊಳ್ಳುತ್ತ ಸಾಗುವ ತಂಡಕ್ಕೆ ಸಾಕಾಯಿತು.

ನೌಕಾಪಡೆಯ ‘ಮಾದೇಯಿ’ಯ ಕೆಲಸವೇ ಬೇರೆ. ಗೋವಾದಲ್ಲಿ ಕಟ್ಟಿದ 56 ಅಡಿಯ ದೋಣಿ. ಹೆಸರು ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯದು. 2012ರ ನವೆಂಬರ್‌ನಲ್ಲಿ ಅದರಲ್ಲಿ ಹೊರಟ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟಾಮಿ ಒಬ್ಬರೇ, ಎಲ್ಲೂ ನಿಲ್ಲದೆ ಸುತ್ತಿ 2013ರಲ್ಲಿ ಮರಳಿದರು. ತಿಂಗಳುಗಟ್ಟಲೆಯ ಸಾಮಾನು ಹೊತ್ತು ದಕ್ಷಿಣ ಸಾಗರದ ಅಲೆ ತಾಳಲು ಆ ಉದ್ದ, ಆ ತೂಕ ನೆರವಾಗುತ್ತವೆ. ಅಷ್ಟು ದೊಡ್ಡ ಹಾಯಿಯನ್ನು ಒಂಟಿಯಾಗಿ ಎಳೆದು ಕಟ್ಟುವುದು ಮಾತ್ರ ಮೈ ಹಿಂಡುವ ಕೆಲಸ. ಯಾನದ ಕೊನೆಯ ಹಂತದಲ್ಲಿ ಕುಡಿಯುವ ನೀರಿಗೆ ಡೀಸೆಲ್ ಬೆರೆತಾಗ ಹತ್ತಿರದ ಬಂದರಿಗೆ ತಿರುಗುವಂತೆಯೂ ಇರಲಿಲ್ಲ.

ಕಾರವಾರ, ಮಂಗಳೂರು, ಲಕ್ಷದ್ವೀಪ ಎಂದು ಸುತ್ತುವ ನಾಲ್ಕು ಜನರಿಗೆ ತೃಷ್ಣಾ ಅಳತೆಯೇ ಸರಿ. ದಡ ಮುಟ್ಟದ ಯಾನಕ್ಕೆ ಮಾದೇಯಿಯಂಥದ್ದು ಮೇಲು.