ಎರಡು ಆನಂದಪುರ

ನಮ್ಮ ಈಸೂರಿನ ಕಡೆಯವರಿಗೆ ಆನಂದಪುರವೆಂದರೆ ಸಾಗರದ ದಾರಿಯಲ್ಲಿ ಸಿಗುವ ಊರು. ಕೊಡಗಿನಲ್ಲಿ ಇನ್ನೊಂದು ಆನಂದಪುರವಿದೆ. ಅದಕ್ಕೆ ಆ ಹೆಸರು ಬಂದದ್ದು ಒಬ್ಬ ಶಿಷ್ಯನಿಂದ.

ಆ ಶಿಷ್ಯರು ಮಂಗಳೂರಿನ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು. ಗುರು, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು. 1844ರಲ್ಲಿ ಕೌಂಡಿನ್ಯರಿಗೆ ದೀಕ್ಷಾಸ್ನಾನವಾಯಿತು. ಗುರುವಿನ ಹೆಸರೂ ಅವರ ಹೆಸರಿಗೆ ಸೇರಿತು. ಜಾತಿ ಬಿಟ್ಟುಹೋಯಿತು. ಕಥೆ ಅಲ್ಲಿಗೇ ನಿಂತಿದ್ದರೆ ಅದು ಸಭೆಯ ದಪ್ತರದ ಒಂದು ಸಾಲಾಗಿ ಉಳಿಯುತ್ತಿತ್ತು. ಆದರೆ ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ, ಮಂಗಳೂರಿಗೆ ಮರಳಿ ತಾವೇ ಉಪದೇಶಿಗಳನ್ನು ಸಿದ್ಧಗೊಳಿಸಿದರು. ಕೊಡಗಿನಲ್ಲಿ, ಮೇಲುಜಾತಿಯವರು ಮುಟ್ಟದ ಜನ ಕ್ರೈಸ್ತರಾಗಿ ನೆಲೆನಿಂತ ಊರು ಇವರ ಹೆಸರು ಹೊತ್ತಿತು. ಶಿಷ್ಯತ್ವ ಹಣ್ಣಾದದ್ದು ಅಲ್ಲಿ.

ಸ್ನಾನಕ್ಕೆ ಗಳಿಗೆ ಸಾಕು. ಮಾಗುವುದಕ್ಕೆ ಕಾಲ ಬೇಕು. ಕನ್ನಡ ಬೈಬಲ್ಲು ಯೇಸುವಿನ ಜೊತೆಯವರನ್ನು ಶಿಷ್ಯರೆಂದೇ ಕರೆಯುತ್ತದೆ. ಗ್ರೀಕ್ ಮೂಲದ ಮಾತಿಗೂ ಕಲಿಯುವವನೆಂದೇ ಅರ್ಥ. ಈ ನಂಟು ನಮಗೇನು ಹೊಸತೆ? ನಮ್ಮ ತಾಲ್ಲೂಕಿನ ಬಳ್ಳಿಗಾವೆಯ ಶಾಸನಗಳಲ್ಲಿ ಕೋಡಿಮಠದ ಗುರುಪರಂಪರೆ ಇನ್ನೂ ಓದಲು ಸಿಗುತ್ತದೆ. ಒಬ್ಬ ಶಿಷ್ಯ ಗುರುವಾಗದಿದ್ದರೆ ಆ ಸಾಲು ಅಲ್ಲಿಗೇ ಕಡಿಯುತ್ತಿತ್ತು.

ಮೇಷ್ಟರಾದ ನನಗೆ, ಹೇಳಿದ್ದಕ್ಕೆಲ್ಲ ತಲೆದೂಗುವ ಹುಡುಗರನ್ನು ಕಂಡರೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚು. ತಲೆದೂಗಲು ಖರ್ಚಿಲ್ಲ. ಇಗರ್ಜಿಯ ಪಾಡೂ ಬೇರೆಯಲ್ಲ. ಭಾನುವಾರ ಎಷ್ಟು ಮಂದಿ ಬಂದು ಕುಳಿತರೆಂಬ ಲೆಕ್ಕ ಸುಲಭ. ಸೋಮವಾರ ಅವರಲ್ಲಿ ಯಾರು ಯಾರ ಹೊರೆಗೆ ಹೆಗಲು ಕೊಟ್ಟರೆಂಬ ಲೆಕ್ಕವನ್ನು ಇಡುವವರು ಬೇಕು.