ಬೀನ್ಸ್ ಸಾಲಿನ ಕಳ್ಳ

ಹೋದ ವರ್ಷ ಏಪ್ರಿಲ್‌ನಲ್ಲಿ ಮಗಳ ಮನೆಗೆಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಹೋಗಿದ್ದೆ. ಪೇಟೆಯಿಂದ ದೂರ, ಹಳ್ಳಿಯ ಮನೆ. ಸುತ್ತ ಎರಡು ಎಕರೆ ಹುಲ್ಲುನೆಲ, ಹಿಂದೆ ಕಾಡು. ಮಲೆನಾಡಿನ ಗದ್ದೆಯಲ್ಲಿ ಬೆಳೆದವನ ಕೈ ಸುಮ್ಮನಿರುತ್ತದೆಯೇ? ಚಳಿ ಪೂರ್ತಿ ಹೋದ ಮೇಲೆ, ಒಂಬತ್ತು ವರ್ಷದ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹಿತ್ತಲಲ್ಲಿ ಬೀನ್ಸ್ ಬೀಜ ಹಾಕಿದೆ.

ಸಸಿಗಳು ಗೇಣುದ್ದ ಬಂದಿದ್ದವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಸಾಲಿನಲ್ಲಿ ಬರೀ ಕಡ್ಡಿ! ಹುಲ್ಲು ಕತ್ತರಿಸುವ ಯಂತ್ರ ಇಡುವ ಮರದ ಶೆಡ್ಡಿನ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ, ಅದರ ಪಕ್ಕ ದೊಡ್ಡ ಬಿಲ. ಬಾಗಿಲಲ್ಲೇ ಕಳ್ಳ ಎದ್ದು ಕುಳಿತಿದ್ದ. ಕಂದು ಬಣ್ಣ, ಗುಂಡು ದೇಹ, ಗಿಡ್ಡ ಬಾಲ. ನಮ್ಮನ್ನು ಕಂಡದ್ದೇ ಸೀಟಿ ಹೊಡೆದ ಹಾಗೆ ಕೂಗಿ ಒಳಗೆ ನುಗ್ಗಿತು.

“ಅಜ್ಜ, ಅದು ಗ್ರೌಂಡ್‌ಹಾಗ್!” ಎಂದಳು ಮೊಮ್ಮಗಳು. ಹೆಸರಿನಲ್ಲಿ ಹಂದಿ ಇದ್ದರೂ ಅದು ಅಳಿಲಿನ ಬಳಗಕ್ಕೆ ಸೇರಿದ ಪ್ರಾಣಿಯಂತೆ. ಮುಖ ನೋಡಿದರೆ ಅದು ನಿಜವೆನಿಸಿತು.

ಅಳಿಯನಿಗೆ ಬೀನ್ಸಿಗಿಂತ ಶೆಡ್ಡಿನ ಚಿಂತೆ. ಅಡಿಯ ಮಣ್ಣೆಲ್ಲ ಹೊರಗೆ ಬಂದರೆ ಅದು ವಾಲುವುದು ಖಂಡಿತ. ಅಂಗಡಿಯಿಂದ ಬಿಲಕ್ಕೆ ಹೊಗೆ ಹಾಕುವ ಕೊಳವೆಗಳನ್ನು ತಂದ. “ಇದರಲ್ಲಿ ನಾನು ಪಳಗಿದವನು, ಕೊಡು ಇಲ್ಲಿ” ಎಂದೆ. ಅಷ್ಟರಲ್ಲಿ ಮೊಮ್ಮಗಳು ಚೀಟಿಯನ್ನು ಗಟ್ಟಿಯಾಗಿ ಓದಿದಳು. ಕಟ್ಟಡದ ಅಡಿಯ ಬಿಲಕ್ಕೆ ಇದನ್ನು ಹಾಕಬಾರದು, ಬೆಂಕಿ ಹತ್ತಬಹುದು ಎಂದಿತ್ತು. ಆಮೇಲೆ ಕೇಳಿದಳು: “ಅಜ್ಜ, ಒಳಗೆ ಮರಿ ಇದ್ದರೆ?”

ಆ ಮಾತು ನನ್ನನ್ನು ಅರವತ್ತು ವರ್ಷ ಹಿಂದಕ್ಕೆ ಎಳೆಯಿತು. ಆಗ ನನಗೂ ಹೆಚ್ಚುಕಡಿಮೆ ಅವಳದೇ ವಯಸ್ಸು. ನಮ್ಮ ಗದ್ದೆಯ ಬದುವಿನಲ್ಲಿ ಹೆಗ್ಗಣ ಬಿಲ ತೋಡಿ ನೀರೆಲ್ಲ ಸೋರಿಹೋಗುತ್ತಿತ್ತು. ಮಡಕೆಯಲ್ಲಿ ಹುಲ್ಲು, ಒಣಮೆಣಸಿನಕಾಯಿ ತುಂಬಿ ಬೆಂಕಿ ಹಚ್ಚಿ ಬಿಲಕ್ಕೆ ಹೊಗೆ ಊದಿದೆವು. ಮರುದಿನ ಅಗೆದಾಗ ಒಳಗೆ ಕೂದಲೂ ಮೂಡದ ಮರಿಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಯಾವುದೂ ಅಲುಗಲಿಲ್ಲ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಅಮ್ಮ ಬೈಯಲಿಲ್ಲ. “ಗದ್ದೆ ಒಣಗಿದರೆ ನಮ್ಮ ಮನೆಯ ಮಕ್ಕಳು ಉಪವಾಸ, ಏನು ಮಾಡುವುದು” ಎಂದಷ್ಟೇ ಹೇಳಿ ತಲೆ ಸವರಿದಳು.

ಅಲ್ಲಿ ಅನ್ನದ ಪ್ರಶ್ನೆಯಿತ್ತು. ಇಲ್ಲಿ ಹೋಗಿದ್ದು ಒಂದು ಸಾಲು ಬೀನ್ಸ್. ಕೊಳವೆಗಳನ್ನು ಅಂಗಡಿಗೆ ವಾಪಸ್ ಕೊಟ್ಟೆವು.

ಪಕ್ಕದ ಹೊಲದ ಮುದುಕ ರೈತರನ್ನು ವಿಚಾರಿಸಿದೆವು. ಅವರಿಗೂ ಈ ಪ್ರಾಣಿಯ ಕಾಟ ತಪ್ಪಿದ್ದಲ್ಲ. ಬಿಲದಲ್ಲಿ ಟ್ರ್ಯಾಕ್ಟರ್ ಚಕ್ರ ಹೂತುಹೋಗಿತ್ತಂತೆ. “ವಸಂತದಲ್ಲಿ ಮರಿ ಹಾಕುತ್ತದೆ. ಜುಲೈ ಹೊತ್ತಿಗೆ ಮರಿಗಳು ತಾಯಿಯನ್ನು ಬಿಟ್ಟು ಹೋಗುತ್ತವೆ. ಅಲ್ಲಿಯವರೆಗೆ ತಡೆದುಕೊಳ್ಳಿ” ಎಂದರು.

ತಡೆದುಕೊಂಡೆವು. ಜೂನ್‌ನಲ್ಲಿ ಮೂರು ಮರಿಗಳು ಹೊರಗೆ ಬಂದು ಬಿಸಿಲು ಕಾಯಿಸಿದವು. ಜುಲೈನಲ್ಲಿ ಒಂದೊಂದಾಗಿ ಕಾಡಿನ ಕಡೆ ಹೋದವು. ಆಗ ಅಳಿಯ ಬಿಲಕ್ಕೆ ಹೊರಗೆ ಮಾತ್ರ ತೆರೆಯುವ ತಂತಿಯ ಬಾಗಿಲು ಕೂರಿಸಿದ. ಈ ಬಿಲಕ್ಕೆ ಒಂದೇ ಬಾಗಿಲಲ್ಲ, ಕಳ್ಳಬಾಗಿಲೂ ಉಂಟು. ಮಣ್ಣಿನ ಗುಡ್ಡೆಯಿಲ್ಲದೆ ಹುಲ್ಲಿನಲ್ಲಿ ಮರೆಯಾಗಿದ್ದ ಅದನ್ನು ಮೊಮ್ಮಗಳೇ ಹುಡುಕಿದಳು. ಅದಕ್ಕೂ ಹಾಗೆಯೇ ಬಾಗಿಲು ಹಾಕಿದೆವು. ಕೆಲವು ದಿನ ಬಿಟ್ಟು ಎರಡೂ ಬಾಯಿಗೆ ಒಣಹುಲ್ಲು ಸಡಿಲವಾಗಿ ತುರುಕಿದೆವು. ನಾಲ್ಕು ದಿನ ಹುಲ್ಲು ಕದಲಲಿಲ್ಲ. ಮನೆ ಖಾಲಿ! ಬಿಲ ಮುಚ್ಚಿ, ಶೆಡ್ಡಿನ ಸುತ್ತ ಅಡಿಯಾಳ ಅಗೆದು, ಕೆಳತುದಿ ಹೊರಕ್ಕೆ ಮಡಚಿದ ತಂತಿಬಲೆ ಹೂತೆವು. ಬುಡದಲ್ಲಿ ಕೆರೆದರೆ ಬಲೆಯೇ ಸಿಗಬೇಕು. ಬೀನ್ಸಿಗೂ ಅಂಥದೇ ಬೇಲಿ ಹಾಕಿದೆವು. ಈ ಪ್ರಾಣಿ ಬೇಲಿ ಹತ್ತಬಲ್ಲದು. ಅದಕ್ಕೇ ಮೇಲ್ತುದಿಯನ್ನು ಬಿಗಿಯದೆ ಓಲಾಡುವಂತೆ ಬಿಟ್ಟೆವು.

ಸೆಪ್ಟೆಂಬರಿನಲ್ಲಿ ಊರಿಗೆ ಹೊರಡುವ ಹೊತ್ತಿಗೆ ಮನೆಯವರೆಲ್ಲ ಎರಡು ಸಲ ಬೀನ್ಸ್ ಪಲ್ಯ ಉಂಡಿದ್ದೆವು.

ಈ ಫೆಬ್ರವರಿ 2ರಂದು ಮೊಮ್ಮಗಳ ಫೋನ್ ಬಂತು. ಅವರ ರಾಜ್ಯದ ಪಂಕ್ಸಟಾನಿ ಎಂಬ ಊರಿನಲ್ಲಿ ಅಂದು ಗ್ರೌಂಡ್‌ಹಾಗ್ ಹಬ್ಬ. 1887ರಿಂದ ನಡೆದು ಬಂದಿದೆ. ಆ ದಿನ ಅದು ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ ಎಂದು ನಂಬಿಕೆ.

“ನಮ್ಮದು ಇನ್ನೂ ನಿದ್ದೆ ಮಾಡ್ತಿರುತ್ತೆ ಅಜ್ಜ. ಚಳಿಗಾಲದಲ್ಲಿ ಅದರ ಎದೆ ನಿಮಿಷಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ ಬಡಿಯುತ್ತಂತೆ” ಎಂದಳು. ಸ್ವಲ್ಪ ತಡೆದು ಸೇರಿಸಿದಳು: “ಮುಂದಿನ ಸಲ ಬಂದಾಗ ಬೇಲಿಯ ಹೊರಗೂ ಒಂದು ಸಾಲು ಬೀನ್ಸ್ ಹಾಕೋಣ. ಎದ್ದ ಮೇಲೆ ಅದಕ್ಕೂ ಹಸಿವಾಗುತ್ತಲ್ಲ?”

ಹಾಕೋಣ ಪುಟ್ಟಿ, ಎಂದೆ.