ನದಿಯ ಅರಿವೇ ಬಂಡವಾಳ

ಹವ್ಯಾಸಕ್ಕಾಗಿ ಗಾಳ ಹಾಕಲು ಬರುವವರಿಗೆ ಮೀನು ನಿಲ್ಲುವ ಮಡುವನ್ನು ತೋರಿಸಿ, ಹರಿಗೋಲು ನಡೆಸಿ, ಗಾಳಕ್ಕೆ ಸಿಕ್ಕಿಸುವ ಎರೆಯನ್ನು ಸಿದ್ಧಪಡಿಸಿಕೊಡುವ ಮಾರ್ಗದರ್ಶಕನ ವೃತ್ತಿಯಲ್ಲಿ ನಿಜವಾದ ಬಂಡವಾಳವೆಂದರೆ ಸಲಕರಣೆಗಳಲ್ಲ, ನದಿಯ ಅರಿವು ಮತ್ತು ನದಿಯಲ್ಲಿ ಬದುಕಿರುವ ಮೀನು. ಕಾವೇರಿ ತೀರದ ಭೀಮೇಶ್ವರಿ ಮತ್ತು ಗಾಳಿಬೋರೆಯ ಶಿಬಿರಗಳು ಈ ಮಾತಿಗೆ ನಿದರ್ಶನ. ರಾಗಿಮುದ್ದೆಯ ಉಂಡೆಯನ್ನೇ ಎರೆಯಾಗಿಸಿ ಮಹಶೀರ್ ಮೀನನ್ನು ಹಿಡಿಯಲು ನೆರವಾಗುತ್ತಿದ್ದ ಅಲ್ಲಿನ ಸ್ಥಳೀಯರು, ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ನೀರಿಗೆ ಮರಳಿಸುವ 'ಹಿಡಿದು ಬಿಡುವ' ಪದ್ಧತಿಯನ್ನು ಪಾಲಿಸುತ್ತಿದ್ದರು. ಒಂದೇ ಮೀನು ಮತ್ತೆ ಮತ್ತೆ ಪ್ರವಾಸಿಗರನ್ನು ಕರೆತರಬಲ್ಲದಾದ್ದರಿಂದ, ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ತಡೆಯುವುದು ಅವರ ಜೀವನೋಪಾಯದ ರಕ್ಷಣೆಯೂ ಆಗಿತ್ತು.

ಆದರೆ ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆಲೆಯಲ್ಲಿ, ಕಳೆದ ದಶಕದ ಆರಂಭದಲ್ಲಿ ಈ ಹವ್ಯಾಸ ನಿಂತಾಗ ಆ ಕಾವಲಿನ ಆರ್ಥಿಕ ಆಧಾರವೂ ಕುಸಿಯಿತು. ಕಾವೇರಿ ಜಲಾನಯನಕ್ಕಷ್ಟೇ ಸೀಮಿತವಾದ, ಬೆನ್ನು ಉಬ್ಬಿದ ಮಹಶೀರ್‌ಗೆ 'ಟೋರ್ ರೆಮಾದೇವಿಯೈ' ಎಂಬ ವೈಜ್ಞಾನಿಕ ಹೆಸರು ಖಚಿತವಾದ 2018ರಲ್ಲೇ ಅದು ತೀವ್ರ ಅಳಿವಿನಂಚಿನ ಪ್ರಭೇದವೆಂದೂ ಗುರುತಿಸಲ್ಪಟ್ಟಿತು. ಆದ್ದರಿಂದ ಇಂಥ ಉದ್ಯಮವನ್ನು ಎಲ್ಲಿಯೇ ಆಗಲಿ ಕಟ್ಟುವವರು ಮೊದಲು ಪರವಾನಗಿಯ ಕಾನೂನನ್ನು ಅರಿಯಬೇಕು, ಮೀನು ಮೊಟ್ಟೆಯಿಡುವ ಕಾಲದಲ್ಲಿ ಗಾಳವನ್ನು ಕೆಳಗಿಡಬೇಕು, ಮತ್ತು ನದಿಯನ್ನು ಬಲ್ಲ ಸ್ಥಳೀಯರನ್ನು ಕೂಲಿಗಳನ್ನಾಗಿ ಅಲ್ಲ, ಲಾಭದ ಪಾಲುದಾರರನ್ನಾಗಿ ಕಾಣಬೇಕು.